ದ್ವೀಪದ ಭಾವ

ವರ್ಗಾವಣೆಯ ಕಾಗದ ಕೈಗೆ ಬಂದ ದಿನ ನಮ್ಮ ಭಾವ ಊಟ ಬಿಟ್ಟಿದ್ದರು. ಬ್ಯಾಂಕಿನವರು ತಮಗೆ ಕರಿನೀರಿನ ಶಿಕ್ಷೆ ಕೊಟ್ಟರೆಂದು ಮೈಸೂರಿನ ಮನೆಯ ಜಗಲಿಯಲ್ಲಿ ಕೂತು ಕಣ್ಣೊರೆಸಿಕೊಂಡವರು ಅವರೇ. ಈಗ ನಾಲ್ಕು ವರ್ಷ. ವಾಪಸ್ ಬನ್ನಿ ಎಂದು ಮೇಲಿನವರು ಎರಡು ಸಲ ಕೇಳಿದರೂ ಅಂಡಮಾನ್ ಬಿಟ್ಟು ಕದಲಿಲ್ಲ. ಇಂಥ ಭಾವ ನಿಮ್ಮ ಮನೆಯಲ್ಲೂ ಒಬ್ಬರಿರಬಹುದು; ದ್ವೀಪ ಬೇರೆ, ವರಸೆ ಒಂದೇ.

ನಮ್ಮನ್ನೀಗ ಅವರು ‘ಮೇನ್‌ಲ್ಯಾಂಡಿನವರು’ ಅನ್ನುತ್ತಾರೆ. ಅಲ್ಲಿ ಎಲ್ಲರೂ ಹಾಗೇ ಅನ್ನುವುದು. ಭಾವನ ಬಾಯಲ್ಲಿ ಮಾತ್ರ ಅದರ ಹಿಂದೆ ಒಂದು ‘ಪಾಪ’ ಕೇಳಿಸುತ್ತದೆ.

ಬೆಳಗಿನ ಐದೂವರೆಗೆ ಫೋನು. “ಏನೋ, ಇನ್ನೂ ಎದ್ದಿಲ್ವಾ? ಇಲ್ಲಿ ಬಿಸಿಲು ಬಂದು ಯಾವ ಕಾಲ ಆಯ್ತು!” ಅವರ ಊರು ಮೈಸೂರಿಗಿಂತ 16 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಇಬ್ಬರದೂ ಒಂದೇ, ಹಾಗಾಗಿ ಸೂರ್ಯ ಅಲ್ಲಿ ಸುಮಾರು ಒಂದು ಗಂಟೆ ಮುಂಚೆ ಹಾಜರಿ ಹಾಕುತ್ತಾನೆ. ಭಾವ ಇದನ್ನು ತಮ್ಮದೇ ಬಡ್ತಿ ಎಂಬಂತೆ ಹೇಳುತ್ತಾರೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಮುಳುಗಿಬಿಡುತ್ತಾನೆ ಎನ್ನುವುದನ್ನು ಅಕ್ಕನೇ ಹೇಳಬೇಕು.

ಅಕ್ಕನ ದ್ವೀಪವೇ ಬೇರೆ. ಅಲ್ಲಿ ವರ್ಷಕ್ಕೆ ಏಳೆಂಟು ತಿಂಗಳು ಮಳೆ. ಬಟ್ಟೆಯ ಬೀರುವಿನೊಳಗೆ ಹಗಲೂ ರಾತ್ರಿ ಒಂದು ಬಲ್ಬು ಉರಿಯಬೇಕು, ಇಲ್ಲವಾದರೆ ಭಾವನ ಬೆಲ್ಟಿಗೆ ಬೂಷ್ಟು. ಕರಿದ ಹಪ್ಪಳ ಅಡುಗೆಮನೆಯಿಂದ ಊಟದ ಮೇಜಿಗೆ ಬರುವಷ್ಟರಲ್ಲಿ ಮೆತ್ತಗೆ. ಚೆನ್ನೈನಿಂದ ಹಡಗಿಗೆ ಮೂರು ದಿನದ ದಾರಿ. ತಡವಾಯಿತೋ, ಟೊಮೆಟೊ ಬೆಲೆ ಕೇಳುವ ಹಾಗೇ ಇಲ್ಲ.

“ಟೊಮೆಟೊ ಯಾಕೆ, ಹುಣಸೆಹಣ್ಣಿಲ್ವಾ? ಸಾರಿಗೆ ಅದೇ ರುಚಿ” ಎಂದು ಹಿಂದಿನಿಂದ ಭಾವನ ದನಿ. ಆ ಹುಣಸೆಹಣ್ಣು ಹೋದ ವರ್ಷ ನಾನೇ ಹೊತ್ತುಕೊಂಡು ಹೋಗಿದ್ದು.

ಹೋದಾಗ ಕಾರ್ಬಿನ್ಸ್ ಕೋವಿಗೆ ಕರೆದೊಯ್ದರು. ಮೈಸೂರಿನಲ್ಲಿ ಹಾಲು ತರಲೂ ಇಸ್ತ್ರಿ ಮುರಿಯದೆ ಹೊರಡುತ್ತಿದ್ದ ಮನುಷ್ಯ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಚಪ್ಪಲಿಯನ್ನು ಕಂಕುಳಿಗೆ ಸಿಕ್ಕಿಸಿ, ಅಲೆಯಲ್ಲಿ ನಿಂತು ಎಳನೀರು ಹೀರಿದರು. ಆಮೇಲೆ ಬುರುಡೆ ಒಡೆಸಿ, ಅದರದೇ ಚಿಪ್ಪಿನ ಚೂರಿನಲ್ಲಿ ಗಂಜಿಯನ್ನು ಕೆರೆದು ಅರ್ಧ ನನಗೆ ಕೊಟ್ಟು, “ಇದಕ್ಕೆ ಎಷ್ಟು ಬೆಲೆ ಕಟ್ತೀಯೋ?” ಎಂದರು. ಕಾಲಡಿಯ ಮರಳು ಜಾರುತ್ತಿತ್ತು. ನಿಜ ಹೇಳಬೇಕೆಂದರೆ, ನನಗೂ ಉತ್ತರ ತೋಚಲಿಲ್ಲ.

ಅವರ ಈ ವೈಭವ ಗೊತ್ತಾಗದಿರುವುದು ನಮ್ಮ ದೊಡ್ಡಮ್ಮನಿಗೊಬ್ಬರಿಗೇ. 2024ರಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟರಲ್ಲ, ಆಗಿನಿಂದ ಭಾವನಿಗೆ ಬಿಜಾಪುರಕ್ಕೆ ವರ್ಗವಾಗಿದೆ ಎಂದೇ ಅವರು ತಿಳಿದಿದ್ದಾರೆ. “ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಲ್ಲಿರಬಹುದು, ಹಬ್ಬಕ್ಕೂ ಬರಲ್ವಲ್ಲೋ!” ಎಂದು ಅವರ ಬೇಜಾರು. ತಿದ್ದುವ ಧೈರ್ಯ ಭಾವನಿಗೂ ಇಲ್ಲ.

ಈ ಡಿಸೆಂಬರಿಗೆ ನಮ್ಮ ಟಿಕೆಟ್ ಆಗಿದೆ. “ಇಲ್ಲಿ ಎಲ್ಲಾ ಸಿಗುತ್ತೆ, ಏನೂ ತರಬೇಡಿ” ಎಂದಿದ್ದ ಭಾವ ನಿನ್ನೆ ಚೀಟಿ ಕಳಿಸಿದ್ದಾರೆ: ಬ್ಯಾಡಗಿ ಮೆಣಸಿನಕಾಯಿ, ರಾಗಿಹಿಟ್ಟು, ಚಿಕೋರಿ ಕಡಿಮೆ ಹಾಕಿಸಿದ ಕಾಫಿಪುಡಿ, ಹುಣಸೆಹಣ್ಣು, ಸಿಕ್ಕರೆ ನಂಜನಗೂಡು ರಸಬಾಳೆ. ವಿಮಾನದಲ್ಲಿ ತಲೆಗೆ 15 ಕಿಲೋ ಬಿಡುತ್ತಾರೆ. ತೂಗಿ ನೋಡಿದೆ. ನನ್ನ ಬಟ್ಟೆಗೆ ಉಳಿದದ್ದು ನಾಲ್ಕು.