ಸೋತವರ ಮತದಾರನಿಗೆ ಬಿನ್ನವತ್ತಳೆ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಿಗದೆ ಮೊದಲ ಸಾಲಿನಲ್ಲಿ ಮುಖ ಊದಿಸಿಕೊಂಡು ಕೂತಿರುವ ಇನ್ನೂ ದೊಡ್ಡ ಗಣ್ಯರೇ, ಮತ್ತು ಇಂದಿನ ಸನ್ಮಾನಿತರಾದ, ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಸೋತವರಿಗೆ ಮತ ಹಾಕಿದ ಮಹನೀಯರೇ,

ಗೆದ್ದವರಿಗೆ ಹಾರ ಹಾಕಲು ನೂಕುನುಗ್ಗಲಿರುತ್ತದೆ. ಸೋತ ಅಭ್ಯರ್ಥಿಗೂ ಒಂದು ಭಾಷಣ, ಒಂದಿಷ್ಟು ಚಪ್ಪಾಳೆ, ಯೋಗವಿದ್ದರೆ ಒಂದು ಖಾತೆ ದಕ್ಕುತ್ತದೆ. ಸೋತವರಿಗೆ ಮತ ಹಾಕಿದ ತಪ್ಪಿಗೆ, ಬೆಳಗಾಗೆದ್ದು ನಿನ್ನೆಯವರೆಗೆ ತಾವು ಆಡಿದ್ದನ್ನೆಲ್ಲ ನುಂಗಿಕೊಳ್ಳಬೇಕಾದ ನಿಮಗೆ ಮಾತ್ರ ಇದುವರೆಗೆ ಯಾರೂ ಒಂದು ಶಾಲು ಹೊದಿಸಿದ್ದಿಲ್ಲ. ಆ ಕೊರತೆ ನೀಗಿಸಲೆಂದೇ ನಮ್ಮ ಸನ್ಮಾನ ಸಮಿತಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಯೂನಿಟಿ ಎಂಬ ಈ ಪುಟ್ಟ ಊರಿಗೆ ಬಂದಿದೆ.

ಮೊದಲಿಗೆ ಸ್ಥಳಮಹಾತ್ಮೆ. 2008ರ ಜನವರಿ 8ರಂದು ನಡೆದ ಪ್ರೈಮರಿಯಲ್ಲಿ ಈ ಊರು ಹಿಲರಿ ಕ್ಲಿಂಟನ್ ಅವರಿಗೆ 107 ಮತ ಕೊಟ್ಟಿತು, ಬರಾಕ್ ಒಬಾಮ ಅವರಿಗೂ 107 ಕೊಟ್ಟಿತು. ಊರಿನ ಹೆಸರೇ ಐಕ್ಯತೆ, ಮತವೂ ಸಮಸಮ! ಪ್ರಚಾರದವರ ಕಣ್ಣಿಗೆ ಬಿದ್ದ ಮೇಲೆ ಬಿಟ್ಟಾರೆಯೇ? ಅದೇ ವರ್ಷ ಜೂನ್ 27ರಂದು ತಿಂಗಳುಗಟ್ಟಲೆ ಕಚ್ಚಾಡಿದ ಇಬ್ಬರೂ ಒಟ್ಟಿಗೆ ಇಲ್ಲಿಗೆ ಬಂದು, ಪಕ್ಕಪಕ್ಕ ನಿಂತು ನಕ್ಕರು. ಹಿಲರಿಯ ಉಡುಪಿನ ನೀಲಿಗೂ ಒಬಾಮರ ಟೈಯ ನೀಲಿಗೂ ಹೊಂದಿಕೆಯಾಗಿದ್ದನ್ನು ವರದಿಗಾರರು ಗುರುತಿಸಿದರು. 107ಕ್ಕೆ 107 ಎಂದರೆ ಊರು ಸರಿಯಾಗಿ ಎರಡು ಹೋಳಾಗಿದೆ ಎಂದೂ ಅರ್ಥವಲ್ಲವೇ ಎಂದು ಯಾರೋ ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ದಯವಿಟ್ಟು ಕೂರಿ, ಪ್ರಶ್ನೋತ್ತರಕ್ಕೆ ಇಂದು ಸಮಯವಿಲ್ಲ.

ಇನ್ನು ಸನ್ಮಾನಿತರ ಗುಣಗಾನ. ನಿಮ್ಮ ಮೊದಲ ಸದ್ಗುಣ ಮರೆವು. ರಾತ್ರಿ ಮೂರು ಗಂಟೆಗೆ ಶ್ವೇತಭವನದ ಫೋನು ಬಡಿದುಕೊಂಡರೆ ಅದನ್ನು ಎತ್ತುವ ಯೋಗ್ಯತೆ ಯಾರಿಗಿದೆ ಎಂದು ಟೀವಿಯಲ್ಲಿ ನಿಮ್ಮನ್ನು ಹೆದರಿಸಿದವರು ಆ ಪ್ರೈಮರಿಯಲ್ಲಿ ಕೊನೆಗೆ ಸೋತ ನಿಮ್ಮ ನಾಯಕಿ ಹಿಲರಿಯೇ. ನನಗೆ ಜೀವಮಾನದ ಅನುಭವವಿದೆ, ರಿಪಬ್ಲಿಕನ್ ಪಕ್ಷದ ಮೆಕೇನ್‌ಗೂ ಇದೆ, ಒಬಾಮ ಬಳಿ ಇರುವುದು 2002ರ ಒಂದು ಭಾಷಣ ಎಂದು ಎದುರು ಪಕ್ಷದವರನ್ನೂ ಸೇರಿಸಿಕೊಂಡು ಪಾಠ ಮಾಡಿದವರೂ ಅವರೇ. ಆ ಕಡೆಯ ಒಬಾಮ, ನೀವು ಸಾಕಷ್ಟು ಇಷ್ಟವಾಗುತ್ತೀರಿ ಹಿಲರಿ ಎಂದು ಚರ್ಚೆಯಲ್ಲಿ ಅರೆಮನಸ್ಸಿನ ಪ್ರಶಸ್ತಿಪತ್ರ ಕೊಟ್ಟಾಗ ನಿಮಗೆ ಮೈಯುರಿಯಿತು. ಉರಿಯಲಿ ಎಂದೇ ನಿಮ್ಮ ಶಿಬಿರದವರು ಅದನ್ನು ಮತ್ತೆಮತ್ತೆ ನೆನಪಿಸಿದರು. ಜೂನ್ 7ರಂದು ವಾಷಿಂಗ್ಟನ್‌ನಲ್ಲಿ ಅದೇ ನಾಯಕಿ, ಮಹಿಳೆಯರ ಏಳಿಗೆಗೆ ಅಡ್ಡವಾದ ಗಾಜಿನ ಛಾವಣಿಗೆ ಸುಮಾರು 1 ಕೋಟಿ 80 ಲಕ್ಷ ಬಿರುಕು ಬಿದ್ದಿವೆ ಎಂದು ನಿಮ್ಮ ಮತಗಳನ್ನು ಕೊಂಡಾಡಿ, ಇನ್ನು ಒಬಾಮ ಅವರಿಗಾಗಿ ದುಡಿಯಿರಿ ಎಂದರು. ಮನೆ ಮಾರುವಾಗ ಗೋಡೆಗೆ ಹೊಡೆದ ಕಪಾಟನ್ನು ಜೊತೆಯಲ್ಲೇ ಬಿಟ್ಟುಕೊಡುವಂತೆ ನಿಮ್ಮನ್ನು ಹೊಸ ಯಜಮಾನರಿಗೆ ಒಪ್ಪಿಸಲಾಯಿತು. ಕಪಾಟು ತಕರಾರು ಮಾಡಿದರೆ ಯಾರಿಗೆ ತಾನೆ ಆಶ್ಚರ್ಯವಾಗದು?

ನಿಮ್ಮ ಎರಡನೆಯ ಸದ್ಗುಣ ಗಣಿತಜ್ಞಾನ. ನಿಗದಿಗಿಂತ ಮೊದಲೇ ಪ್ರೈಮರಿ ನಡೆಸಿದ ಅಪರಾಧಕ್ಕೆ ಮಿಷಿಗನ್ ಮತ್ತು ಫ್ಲೋರಿಡಾಗಳಿಂದ ಅಧಿವೇಶನಕ್ಕೆ ಹೋಗಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳನ್ನೇ ಪಕ್ಷ ಲೆಕ್ಕದಿಂದ ತೆಗೆದುಹಾಕಿತ್ತು. ಮಿಷಿಗನ್‌ನ ಮತಪತ್ರದಲ್ಲಿ ಒಬಾಮ ಅವರ ಹೆಸರೇ ಇರಲಿಲ್ಲ, ಅವರೇ ತೆಗೆಸಿಕೊಂಡಿದ್ದರು. ಮೇ 31ರಂದು ಪಕ್ಷದ ನಿಯಮಾವಳಿ ಸಮಿತಿ ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ಕೂತು, ಮಿಷಿಗನ್‌ನಿಂದ ಹಿಲರಿಗೆ 69, ಒಬಾಮಗೆ 59 ಪ್ರತಿನಿಧಿಗಳೆಂದು ಹಂಚಿ, ತಲೆಗೆ ಅರ್ಧ ಮತವೆಂದು ತೀರ್ಪಿತ್ತಿತು. ಹೆಸರೇ ಇಲ್ಲದವರಿಗೆ 59, ಅದರಲ್ಲೂ ಅರ್ಧರ್ಧ! ಸಭಾಂಗಣದಲ್ಲಿ ಕೂಗಾಟವಾಯಿತು. ಆಗಸ್ಟ್‌ನಲ್ಲಿ ಡೆನ್ವರ್ ಅಧಿವೇಶನ ಸೇರುವ ಹೊತ್ತಿಗೆ, ಫಲಿತಾಂಶಕ್ಕೆ ಇನ್ನೇನೂ ಬಾಧಕವಿಲ್ಲ ಎಂದು ಖಾತ್ರಿಯಾದ ಮೇಲೆ, ಅರ್ಧ ಮತಗಳು ಇಡಿಯಾದವು. ಪಕ್ಷದ ಔದಾರ್ಯ ಯಾವಾಗಲೂ ಸಮಯಪ್ರಜ್ಞೆಯುಳ್ಳದ್ದು.

ಕೆಲವರು ಮಾತ್ರ ಕಪಾಟಾಗಲು ಒಪ್ಪಲಿಲ್ಲ. ಜೂನ್ ತಿಂಗಳಲ್ಲೇ ಅವರು 'ಪ್ಯೂಮಾ' ಎಂದು ಗುಂಪು ಕಟ್ಟಿಕೊಂಡರು. ಆ ಸಂಕ್ಷಿಪ್ತ ಹೆಸರಿನ ಮೊದಲರ್ಧ 'ಪಕ್ಷದ ಐಕ್ಯತೆ'. ಉಳಿದರ್ಧವನ್ನು ಮಹಿಳೆಯರೂ ಮಕ್ಕಳೂ ಇರುವ ಈ ಸಭೆಯಲ್ಲಿ ನಾನು ಬಿಡಿಸಲಾರೆ. ಅವರ ಸಿಟ್ಟಿನಲ್ಲಿ ಹುರುಳಿತ್ತೆಂದು ಹೇಳುವ ಧೈರ್ಯವನ್ನು ನಮ್ಮ ಸಮಿತಿ ಇಷ್ಟು ವರ್ಷಗಳ ಮೇಲೆ ಮಾಡುತ್ತಿದೆ. ನಾಯಕಿಯ ಉಡುಪಿನಿಂದ ನಗುವಿನವರೆಗೆ ಟೀವಿಯವರು ಆಡಿಕೊಂಡಾಗ ಪಕ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದು ನಿಜ.

ಐಕ್ಯತೆಯ ಫೋಟೋ ತೆಗೆಸುವುದು ಎಷ್ಟು ಕಷ್ಟವೆಂದು ತಿಳಿಯಲು 1980ರ ಆಗಸ್ಟ್‌ಗೆ ಹೋಗಬೇಕು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅಧಿಕಾರದಲ್ಲಿದ್ದ ಅಧ್ಯಕ್ಷ ಜಿಮ್ಮಿ ಕಾರ್ಟರ್ ವಿರುದ್ಧ ಸ್ವಪಕ್ಷದ ಟೆಡ್ ಕೆನಡಿ ಸ್ಪರ್ಧಿಸಿ ಸೋತಿದ್ದಾರೆ. ಕಾರ್ಟರ್ ತಮ್ಮ ಭಾಷಣದಲ್ಲಿ ಹಿರಿಯ ನಾಯಕ ಹ್ಯೂಬರ್ಟ್ ಹೊರೇಷಿಯೊ ಹಂಫ್ರಿಯನ್ನು ಸ್ಮರಿಸಹೊರಟು, ಕಾದಂಬರಿಯ ನೌಕಾಧಿಕಾರಿ ಹಾರ್ನ್‌ಬ್ಲೋವರ್‌ನ ಹೆಸರನ್ನು ಕೂಗಿದರು. ಭಾಷಣ ಮುಗಿದ ಮೇಲೆ ಬಲೂನುಗಳು ಮೇಲೆಯೇ ಸಿಕ್ಕಿಕೊಂಡವು. ಆಮೇಲೆ ಬಂದ ಕೆನಡಿ ಕೈಕುಲುಕಿದರು, ಅಷ್ಟೆ. ಇಬ್ಬರ ಕೈ ಸೇರಿಸಿ ಮೇಲೆತ್ತಿದ ಚಿತ್ರ ಬೇಕಾಗಿತ್ತು ಕಾರ್ಟರ್‌ಗೆ. ಕೆನಡಿ ಆ ಮೂಲೆಗೆ ಸರಿದರೆ ಅಧ್ಯಕ್ಷರೂ ಆ ಮೂಲೆಗೆ, ಈ ಮೂಲೆಗೆ ಬಂದರೆ ಈ ಮೂಲೆಗೆ. ಅಣ್ವಸ್ತ್ರಗಳ ಒಡೆಯ ಒಂದು ಕೈಗಾಗಿ ವೇದಿಕೆಯ ತುಂಬ ಓಡಾಡುವುದನ್ನು ದೇಶ ನೋಡಿತು. ಕೈ ಮೇಲೇರಲಿಲ್ಲ. ನವೆಂಬರ್‌ನಲ್ಲಿ ಕಾರ್ಟರ್ 44 ರಾಜ್ಯಗಳನ್ನು ರಿಪಬ್ಲಿಕನ್ ಪಕ್ಷದ ರೇಗನ್‌ಗೆ ಬಿಟ್ಟುಕೊಟ್ಟರು. ಅದಕ್ಕೆ ಬೆಲೆಯೇರಿಕೆಯೂ ಇರಾನಿನಲ್ಲಿದ್ದ ಅಮೆರಿಕನ್ ಒತ್ತೆಯಾಳುಗಳೂ ಕಾರಣವಾಗಿದ್ದರೂ ದೂರು ಹೊತ್ತವರು ಕೆನಡಿಯ ಮತದಾರರೇ.

ಇಲ್ಲಿ ನಿಮ್ಮ ಮೂರನೆಯ ಸದ್ಗುಣ ಬರುತ್ತದೆ: ದೂರು ಹೊರುವ ಬೆನ್ನು. 2016ರಲ್ಲಿ ಹಿಲರಿ ಎದುರು ಸೋತ ಬರ್ನಿ ಸ್ಯಾಂಡರ್ಸ್ ಅವರ ಪ್ರೈಮರಿ ಮತದಾರರಲ್ಲಿ ನೂರಕ್ಕೆ ಸುಮಾರು 12 ಮಂದಿ ಟ್ರಂಪ್‌ಗೆ ಮತ ಹಾಕಿದರೆಂದು ದೊಡ್ಡ ಸಮೀಕ್ಷೆಯೊಂದು ಹೇಳಿತು. ಹಿಲರಿ ಸೋತರು, ಬರ್ನಿಯವರು ದ್ರೋಹಿಗಳಾದರು. ತಮಾಷೆಯೆಂದರೆ, 2008ರಲ್ಲಿ ಹಿಲರಿಯ ಮತದಾರರಲ್ಲಿ ಮೆಕೇನ್ ಕಡೆ ಹೋದವರ ಪ್ರಮಾಣ ಇದಕ್ಕಿಂತ ಹೆಚ್ಚೇ ಇತ್ತೆಂದು ಅಂದಿನ ಸಮೀಕ್ಷೆಗಳು ತೋರಿಸುತ್ತವೆ. ಆದರೆ ಒಬಾಮ 365 ಎಲೆಕ್ಟೋರಲ್ ಮತ ಪಡೆದು ಗೆದ್ದುಬಿಟ್ಟರು. ಯಾರೂ ದ್ರೋಹಿಗಳನ್ನು ಹುಡುಕಲಿಲ್ಲ. ನಿಷ್ಠೆಯನ್ನು ತೂಗುವ ತಕ್ಕಡಿ ಫಲಿತಾಂಶದ ಮರುದಿನವಷ್ಟೇ ಅಂಗಡಿಯಿಂದ ಹೊರಬರುತ್ತದೆ.

ಸಭೆಯಲ್ಲಿರುವ ಕನ್ನಡಿಗರಿಗೆ ಒಂದು ಮಾತು. ನಿಮ್ಮೂರಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಮುನಿಸಿಕೊಳ್ಳುವವನು ಟಿಕೆಟ್ ತಪ್ಪಿದವನು. ಅವನು ಬಂಡಾಯವೆದ್ದು ಪಕ್ಷೇತರನಾಗುತ್ತಾನೆ, ಮನವೊಲಿಸಲು ಒಂದು ನಿಗಮ ಮಂಡಳಿ ಸಾಕು. ಇಲ್ಲಿ ಅಭ್ಯರ್ಥಿಯನ್ನು ಆರಿಸುವವರೇ ಸಾಮಾನ್ಯ ಜನ, ಆದ್ದರಿಂದ ಮುನಿಸೂ ಜನರದೇ. ಪ್ರೈಮರಿಯಲ್ಲಿ ಸೋತವರು ಮತ್ತೆ ಪಕ್ಷೇತರರಾಗಿ ನಿಲ್ಲದಂತೆ ಬಹುತೇಕ ರಾಜ್ಯಗಳಲ್ಲಿ ಕಾನೂನಿದೆ. ಮತದಾರನ ಕೈಕಟ್ಟುವ ಕಾನೂನು ಮಾತ್ರ ಯಾವ ರಾಜ್ಯದಲ್ಲೂ ಇಲ್ಲ. ಅಷ್ಟೊಂದು ಕೋಟಿ ನಿಗಮ ಮಂಡಳಿಗಳೂ ಇಲ್ಲ. ಹಾಗಾಗಿ ಭಾಷಣ.

ನಾಯಕಿಗೆ ವಿದೇಶಾಂಗ ಖಾತೆ ಸಿಕ್ಕಿತು. ನಿಮಗೆ ಈ ಶಾಲು, ಈ ಹಣ್ಣಿನ ಬುಟ್ಟಿ. ಬುಟ್ಟಿ ಅರ್ಧವೇ ಇದೆ, ನಿಯಮಾವಳಿ ಸಮಿತಿಯ ತೀರ್ಮಾನ. ಆದರೂ ನಿಮ್ಮಲ್ಲಿ ಹೆಚ್ಚಿನವರು ಪ್ರತಿ ಸಲವೂ ಮರಳಿ ಬಂದಿದ್ದೀರಿ. ನಮ್ಮ ಭಾಷಣ ಕೇಳಿಯಲ್ಲ, ಎದುರು ಪಕ್ಷದ ಅಭ್ಯರ್ಥಿಯ ಮುಖ ನೋಡಿ. ಅದನ್ನೂ ನಾವು ನಮ್ಮ ಸಾಧನೆಯ ಖಾತೆಗೇ ಬರೆದುಕೊಳ್ಳುತ್ತೇವೆ.

ಕೊನೆಯದಾಗಿ ಒಂದು ವಿನಂತಿ. ಸೋತವರ ಬೆನ್ನಿಗೆ ಪ್ರಚಾರದ ಸಾಲವೂ ಇರುತ್ತದೆ. 2008ರಲ್ಲಿ ಒಬಾಮ ದಂಪತಿಗಳೇ ತಲಾ 2,300 ಡಾಲರ್ ಚೆಕ್ ಬರೆದು ದಾರಿ ತೋರಿದ್ದಾರೆ. ಬಾಗಿಲಿನ ಎಡಕ್ಕೆ ಸೋತವರ ಸಾಲದ ಡಬ್ಬಿ, ಬಲಕ್ಕೆ ಗೆದ್ದವರ ಪ್ರಚಾರದ ಡಬ್ಬಿ. ಎರಡಕ್ಕೂ ಹಾಕಿ, ರಸೀದಿ ಕೇಳಿ ಪಡೆಯಿರಿ. ಮತದಾನ ನವೆಂಬರ್ ತಿಂಗಳ ಮೊದಲ ಸೋಮವಾರದ ಮರುದಿನ, ಮಂಗಳವಾರ.