ಕೊನೆಗೆ ತುಂಬಿಸಿದ ಹಾಡು

ತಮಿಳುನಾಡಿನ ಅವಿನಾಶಿಯಲ್ಲಿ ಹುಟ್ಟಿದವರಿಗೆ ಹಾಡಿನ ಮಹಿಮೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಮೊಸಳೆ ಎಂದೋ ನುಂಗಿದ್ದ ಹುಡುಗನನ್ನು ಶಿವಭಕ್ತ ಕವಿ ಸುಂದರರು ಪದಿಗ ಎಂಬ ಸ್ತುತಿ ಹಾಡಿ ಬಿಡಿಸಿದ ಊರು ನಮ್ಮದು. ಹುಡುಗ ಹೊರಬಂದದ್ದೂ ಹೇಗೆ? ಮೊಸಳೆಯ ಹೊಟ್ಟೆಯಲ್ಲಿ ಕಳೆದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿದು, ಉಪನಯನದ ವಯಸ್ಸಿಗೆ ಸರಿಯಾಗಿ ಬೆಳೆದು. ಇಂಥ ಊರಿನವನು ಮದುವೆ ಗೊತ್ತಾದ ಅತ್ತೆಮಗಳಿಗೆ ಕ್ಯಾಸೆಟ್ ಕೊಡಲು ಹೊರಟರೆ ಆಶ್ಚರ್ಯವೇನು?

ಹಾಗಂತ ಕಾಗದ ಬರೆಯದೆ ಇದ್ದವನಲ್ಲ. ನಾವು ದೇವಾಂಗದವರು. ಮಗ್ಗದ ಹತ್ತಿರ, ಒಲೆಯ ಮುಂದೆ, ಚೌಡೇಶ್ವರಮ್ಮನ ಗುಡಿಯಲ್ಲಿ ಎಲ್ಲ ಮಾತೂ ಕನ್ನಡ. ಶಾಲೆಯಲ್ಲಿ ತಿದ್ದಿದ್ದು ಮಾತ್ರ ತಮಿಳು. (ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ಆಮೇಲೆ ಬೆಂಗಳೂರಿನ ಬಸ್ಸುಗಳ ಬೋರ್ಡು ನೋಡಿ ಕಲಿತೆ. ಅದಕ್ಕೇ ನನ್ನ ಕನ್ನಡದಲ್ಲಿ ಮೆಜೆಸ್ಟಿಕ್ಕು ಸ್ವಲ್ಪ ಜಾಸ್ತಿ.) ತಮಿಳು ಕಾಗದವೆಂದರೆ ‘ನಲಂ, ನಲಮರಿಯ ಆವಲ್’ ಎಂದೇ ಶುರುವಾಗಬೇಕು. ಅಷ್ಟು ಶಿಸ್ತಾಗಿ ಕ್ಷೇಮ ವಿಚಾರಿಸಿದ ಮೇಲೆ ಪ್ರೀತಿಯ ಮಾತು ಎಲ್ಲಿಂದ ಬರಬೇಕು? ಮಳೆ ಬಂತು, ಅಜ್ಜಿಯ ಮಂಡಿನೋವು ಬಂತು, ನೂಲಿನ ರೇಟು ಬಂತು, ನೀಲಿ ಇನ್‌ಲ್ಯಾಂಡ್ ಲೆಟರು ತುಂಬಿಹೋಯಿತು. ಅವಳಿಗಿಂತ ಮೊದಲು ಅದನ್ನು ಓದುತ್ತಿದ್ದವರು ಮಾವ. ನೂಲಿನ ರೇಟಿನ ಭಾಗ ಅವರಿಗೆ ಬಹಳ ಹಿಡಿಸುತ್ತಿತ್ತಂತೆ.

ಫಿಲಿಪ್ಸ್ ಕಂಪನಿಯವರು 1963ರಲ್ಲಿ ಕ್ಯಾಸೆಟ್ ಹೊರತಂದಾಗ ಅವರ ಮನಸ್ಸಿನಲ್ಲಿದ್ದದ್ದು ಆಫೀಸಿನ ಡಿಕ್ಟೇಶನ್. ನಮ್ಮ ಕಡೆಯ ರೆಕಾರ್ಡಿಂಗ್ ಸೆಂಟರುಗಳು ಅದಕ್ಕೆ ಸರಿಯಾದ ಕೆಲಸ ಕೊಟ್ಟವು. ಖಾಲಿ ಕ್ಯಾಸೆಟ್ಟಿನ ಜೊತೆ ಹಾಡುಗಳ ಪಟ್ಟಿ ಕೊಟ್ಟರೆ ಸಂಜೆಗೆ ಎದೆಯೊಳಗಿನ ಮಾತೆಲ್ಲ ರೆಡಿ. ನನ್ನ ಪಟ್ಟಿ ಪೂರ್ತಿ ಇಳಯರಾಜಾ. 1981ರ ‘ಗೀತಾ’ ಚಿತ್ರಕ್ಕೆ ಅವರು ಕೊಟ್ಟಿದ್ದ ಒಂದು ಮಟ್ಟು 1984ರಲ್ಲಿ ‘ನೂರಾವದು ನಾಳ್’ ಎಂಬ ಚಿತ್ರದಲ್ಲಿ ತಮಿಳಾಗಿ ಬಂದಿತ್ತು. ಮೂಲ ಕನ್ನಡ, ಮೇಲೆ ತಮಿಳು. ನಮ್ಮಿಬ್ಬರಿಗೆಂದೇ ಮಾಡಿದಂತಿದೆ ಎಂದು ಅದನ್ನೇ ಮೊದಲು ಹಾಕಿಸಿದೆ. ಆ ಚಿತ್ರದ ತುಂಬ ಕೊಲೆಗಳೇ ಎಂಬುದು ಆಗ ಹೊಳೆಯಲಿಲ್ಲ. ಅವಳಿಗೆ ಅದೊಂದೇ ನೆನಪಿದ್ದದ್ದು.

ಅದನ್ನಾದರೂ ಕ್ಷಮಿಸಿದಳು. ಸಿ-60 ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಮೂವತ್ತು ನಿಮಿಷ. ಹಾಡುಗಳೇನು ಆ ಲೆಕ್ಕಕ್ಕೆ ಹುಟ್ಟಿದವಲ್ಲ. ಕೊನೆಯಲ್ಲಿ ಒಂದಿಷ್ಟು ಟೇಪು ಉಳಿಯಿತು. ಅಂಗಡಿಯವನು ಪ್ರಾಮಾಣಿಕ. ಗಿರಾಕಿಯ ಟೇಪು ದಂಡವಾಗಬಾರದೆಂದು ಕೈಗೆ ಸಿಕ್ಕ ಶೋಕಗೀತೆಯೊಂದನ್ನು ತುಂಬಿಸಿದ. ನಾಯಕ ನಾಯಕಿಯನ್ನು ತೊರೆದು ಹೊರಡುವಷ್ಟರಲ್ಲಿ ಟೇಪು ಮುಗಿದು ಕಟಕ್ಕೆಂದಿತು.

ನಾನು ರಾತ್ರಿಯೆಲ್ಲ ಕೂತು ಆರಿಸಿದ ಹಾಡುಗಳ ಬಗ್ಗೆ ಒಂದು ಮಾತಿಲ್ಲ. ಉತ್ತರ ಬಂದದ್ದು ಅಂಗಡಿಯವನ ಹಾಡಿಗೆ. ಕ್ಷೇಮ ವಿಚಾರಿಸಿದ ಕೂಡಲೇ ಅವಳ ಪ್ರಶ್ನೆ: ‘ಮದುವೆ ಇಷ್ಟವಿಲ್ಲದಿದ್ದರೆ ನೇರವಾಗಿ ಹೇಳಬಹುದಿತ್ತಲ್ಲ ಬಾವಾ, ಅರ್ಧಕ್ಕೆ ಯಾಕೆ ನಿಲ್ಲಿಸಿದಿರಿ?’ ಪುಣ್ಯಕ್ಕೆ ಅಷ್ಟರಲ್ಲಿ ಅವರ ಮನೆಯ ಟೇಪ್ ರೆಕಾರ್ಡರು ಆ ಕ್ಯಾಸೆಟ್ಟನ್ನು ನುಂಗಿತು. ಬಾವಮೈದ ಪೆನ್ಸಿಲ್ ತೂರಿಸಿ ಗಂಟೆಗಟ್ಟಲೆ ತಿರುಗಿಸಿದನಂತೆ. ಆದರೆ ಈ ಮೊಸಳೆ ಯಾವ ಪದಿಗಕ್ಕೂ ಬಗ್ಗುವ ಜಾತಿಯದಲ್ಲ.

1996ರಲ್ಲಿ ‘ಕಾದಲ್ ಕೋಟ್ಟೈ’ ತೆರೆಗೆ ಬಂತು. ಮುಖ ನೋಡದೆ ಬರೀ ಕಾಗದದಲ್ಲಿ ಪ್ರೀತಿಸಿದ ಜೋಡಿಯ ಕಥೆ. ನಿರ್ದೇಶಕ ಅಗತ್ತಿಯನ್‌ಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಕನ್ನಡದಲ್ಲೂ ಅದು ‘ಯಾರೇ ನೀನು ಚೆಲುವೆ’ ಆಯಿತು. ಹೆಂಡತಿ ಕಣ್ಣೊರೆಸಿಕೊಂಡು ನೋಡಿ ನನ್ನ ಕಡೆ ತಿರುಗಿದಳು. ಆ ನಾಯಕನಿಗೆ ನೂಲಿನ ರೇಟು ತಿಳಿಸಬೇಕಾದ ಮಾವ ಇರಲಿಲ್ಲ ಎಂಬ ನನ್ನ ಸಮಜಾಯಿಷಿ ನಡೆಯಲಿಲ್ಲ.

ಹೋದ ದೀಪಾವಳಿಗೆ ಟ್ರಂಕು ಕೆದಕಿದ ಮಗಳ ಕೈಗೆ ಆ ಇನ್‌ಲ್ಯಾಂಡುಗಳ ಕಟ್ಟು ಸಿಕ್ಕಿತು. ಅವಳಿಗೆ ತಮಿಳು ಓದಲು ಬಾರದು. ‘ಅಮ್ಮಾ, ಅಪ್ಪ ಏನೇನು ಬರೆದಿದ್ದಾರೆ, ಓದು’ ಎಂದು ಕೂತಳು. ಹೆಂಡತಿ ಕನ್ನಡಕ ಏರಿಸಿ, ಒಂದೊಂದೇ ಕಾಗದ ಬಿಡಿಸಿ, ಕನ್ನಡದಲ್ಲಿ ಓದತೊಡಗಿದಳು. ‘ನಿನ್ನ ನೆನಪಲ್ಲಿ ನಿದ್ದೆಯಿಲ್ಲ. ಮಗ್ಗದ ಸದ್ದಿನಲ್ಲೂ ನಿನ್ನ ಹೆಸರೇ ಕೇಳುತ್ತದೆ.’ ನಾನು ಮೆಲ್ಲಗೆ ಹಿಂದಿನಿಂದ ಇಣುಕಿದೆ. ಅಲ್ಲಿದ್ದದ್ದು ನಲವತ್ತನೇ ನಂಬರ್ ನೂಲಿನ ರೇಟು. ‘ಅಪ್ಪಾ, ನೀವಾ ಇದು!’ ಎಂದಳು ಮಗಳು. ಹೌದು, ಆಗ ಚೆನ್ನಾಗಿ ಬರೆಯುತ್ತಿದ್ದೆ ಎಂದೆ.