ಆ ಪ್ಯಾಂಟು ಎಂತಾಯ್ತು ಮಾಸ್ಟ್ರೆ?

ಡೊಂಬಿವಲಿಯಿಂದ ಮಾಟುಂಗಕ್ಕೆ ಹೋಗುವವರಿಗೆ ಸ್ಲೋ ಲೋಕಲ್ಲೇ ಗತಿ. ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಬೆಳಗಿನ ನೂಕುನುಗ್ಗಲು ಇಳಿದ ಮೇಲೆ ಹೊರಡುವ ಗಾಡಿಯೊಂದರಲ್ಲಿ ಇಬ್ಬರು ಹಿರಿಯರು ಎದುರುಬದುರು ಕೂತಿದ್ದರು. ಒಬ್ಬರು ಶೆಟ್ರು. ಉಡುಪಿ ಕಡೆಯಿಂದ ಹುಡುಗನಾಗಿ ಬಂದು, ಹಗಲೆಲ್ಲ ಕಪ್ಪು ಬಸಿ ತೊಳೆದು, ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಕಲಿತು, ಆಮೇಲೆ ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂತವರು ಎದ್ದದ್ದು ಮಗ ದೊಡ್ಡವನಾದ ಮೇಲೆ. ಮುಂಬೈಯ ಅರ್ಧ ಕನ್ನಡ ಹೀಗೆ ರಾತ್ರಿ ಶಾಲೆಗಳಲ್ಲೇ ಅಕ್ಷರ ಕಂಡಿದೆ. ಇನ್ನೊಬ್ಬರು ಧಾರವಾಡದ ಕುಲಕರ್ಣಿ ಮಾಸ್ತರು. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಅದರ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು.

ಶೆಟ್ರ ಕೈಯಲ್ಲಿ ಎಣ್ಣೆ ಹೀರಿದ ಕಾಗದದ ತುಂಡೊಂದಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿಯುತ್ತಿದ್ದರು.

"ಏನ್ ನೋಡ್ಲಿಕ್ಕೆ ಹತ್ತೀರಿ ಶೆಟ್ಟರ? ಲಾಟರಿ ಏನು?"

"ಅಲ್ಲ ಮಾಸ್ಟ್ರೆ, ನಿನ್ನೆ ನಾಕಾದಲ್ಲಿ ವಡಾಪಾವ್ ಕಟ್ಟಿ ಕೊಟ್ಟ ಕಾಗದ ಇದು. ಕನ್ನಡದ್ದು! ಯಾವನೋ ಒಬ್ಬ ಅವನದ್ದೇ ಸುದ್ದಿ ಬರ್ದಿದ್ದಾನೆ. ಪ್ಯಾಂಟು ಹೊಲಿಸ್ಲಿಕ್ಕೆ ಕೊಟ್ಟಿದ್ದಾನಂತೆ. ಮರುದಿನ ಇಂಟರ್‌ವ್ಯೂ. ಹೋಗಿ ನೋಡಿದ್ರೆ ಟೈಲರ್ ಅಂಗಡಿಗೆ ಬೀಗ. ಟೈಲರ್ ಊರಿಗೆ ಹೋಗಿದ್ದಾನೆ. ಅಷ್ಟಾಗುವಾಗ ಎಣ್ಣೆ!"

"ಮುಂದ?"

"ಮುಂದೆ ಎಂತ, ಅದನ್ನೇ ನಾನು ಕೇಳೂದು. ಆ ಪ್ಯಾಂಟು ಎಂತಾಯ್ತು? ಇಡೀ ರಾತ್ರಿ ನಿದ್ರೆ ಇಲ್ಲ. ಬೆಳಿಗ್ಗೆ ಹೋಗಿ ಗಾಡಿಯವನ ಹತ್ರ ಉಳಿದ ಹಾಳೆ ಕೇಳಿದೆ. ಅವ ಚಟ್ನಿ ಕೇಳಿದ್ದೂಂತ ತಿಳ್ಕೊಂಡು ಚಟ್ನಿ ಕೊಟ್ಟ."

ಕೊಪರ್ ಹೋಯಿತು, ದಿವಾ ಬಂತು. ಮಾಸ್ತರರು ಕಾನೂನಿನ ಮಾತು ತೆಗೆದರು. ಪತ್ರಿಕೆಯ ಶಾಯಿ ಹೊಟ್ಟೆಗೆ ಕೆಟ್ಟದ್ದು, ಅದರಲ್ಲಿ ತಿಂಡಿ ಕಟ್ಟಬೇಡಿ ಎಂದು ಆಹಾರ ಸುರಕ್ಷತೆಯ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಆ ಗಾಡಿಯವನು ಇನ್ನೂ ರದ್ದಿ ಬಳಸುವುದು ತಪ್ಪು ಎಂದರು.

"ತಪ್ಪೇ ಇರ್ಬಹುದು. ನಮ್ಮ ಹೋಟೆಲಿನಲ್ಲಿ ಈಗ ಬಿಳಿ ಡಬ್ಬಿ. ಹೊಟ್ಟೆಗೆ ಒಳ್ಳೇದು, ಓದ್ಲಿಕ್ಕೆ ಎಂತ ಉಂಟು ಅದ್ರಲ್ಲಿ?"

ಇದುವರೆಗೆ ಶೆಟ್ರು ಓದಿದ್ದೆಂದರೆ 'ಕರ್ನಾಟಕ ಮಲ್ಲ'ದ ಶ್ರದ್ಧಾಂಜಲಿ ಮತ್ತು ಸಂಘದ ಮಾಸಿಕದ ಫೋಟೋ. ಮುಂಬೈ ಕನ್ನಡಿಗರಲ್ಲಿ ಸಂಘಕ್ಕೊಂದು ಮಾಸಿಕ ಇರುವುದು ಹಳೆಯ ರೂಢಿ. ಬಂಟರಿಗೆ 'ಬಂಟರವಾಣಿ', ಬಿಲ್ಲವರಿಗೆ 'ಅಕ್ಷಯ', ಮೊಗವೀರರಿಗೆ 'ಮೊಗವೀರ'. ಅವುಗಳಲ್ಲಿ ಒಳ್ಳೆಯ ಕತೆ, ಲೇಖನಗಳೂ ಬಂದಿವೆ. ಆದರೆ ಮನೆಗೆ ಬಂದ ಸಂಚಿಕೆಯನ್ನು ಬಹುಪಾಲು ಜನ ಹಿಂದಿನಿಂದ ತೆರೆದು, ಯಾರ ಮಗಳ ಮದುವೆಯ ಫೋಟೋ ಎಂದು ಮೊದಲು ನೋಡುವುದೂ ಅಷ್ಟೇ ಹಳೆಯ ರೂಢಿ.

ಮಾಸ್ತರರಿಗೆ ಉತ್ಸಾಹ ಬಂತು. ಮಾಸ್ತರರಿಗೆ ಉತ್ಸಾಹ ಬಂದರೆ ಎದುರಿಗಿದ್ದವರಿಗೆ ಹೋಮ್‌ವರ್ಕ್. ಮರುದಿನವೇ ಯಶವಂತ ಚಿತ್ತಾಲರ 'ಶಿಕಾರಿ' ತಂದು ಕೊಟ್ಟರು. "1979ರ ಕಾದಂಬರಿ. ಮುಂಬೈದ್ದೇ ಕಥಿ. ಓದ್ರಿ."

ವಾರ ಕಳೆದು ಅದೇ ಗಾಡಿಯಲ್ಲಿ ಶೆಟ್ರು ಪುಸ್ತಕ ವಾಪಸ್ ಮಾಡಿದರು.

"ಏನ್ರೀ, ಮುಗೀತs?"

"ಇಪ್ಪತ್ತು ಪುಟ ಆಯ್ತು. ಒಳ್ಳೇ ಪುಸ್ತಕ, ಇಲ್ಲಾಂತಲ್ಲ. ಆದ್ರೆ ಆ ನಾಗಪ್ಪ ಎಷ್ಟು ಯೋಚನೆ ಮಾಡ್ತಾನೆ ಮಾರಾಯ್ರೆ! ಕೆಲಸ ಹೋಗುವ ಲೆಕ್ಕದಲ್ಲಿದೆ, ಅವ ಕೂತು ಯೋಚನೆ ಮಾಡ್ತಾನೆ. ನಮ್ಮ ಟೇಬಲ್ಲಿನಲ್ಲಿ ಹೀಗೆ ಕೂತಿದ್ರೆ ಆರು ಗಿರಾಕಿ ಬಾಗಿಲಲ್ಲಿ ನಿಲ್ಬೇಕಿತ್ತು."

ಓದುವ ಚಟ ಹತ್ತಿಸಲು ಹೊರಟವರೆಲ್ಲ ಹೀಗೆಯೇ ಮಾಡುತ್ತಾರೆ. ತಮಗೆ ಕೊನೆಗೆ ಒಲಿದ ಪುಸ್ತಕವನ್ನು ಬೇರೆಯವರಿಗೆ ಮೊದಲು ಕೊಡುತ್ತಾರೆ. ಶೆಟ್ರನ್ನು ಹಿಡಿದದ್ದು ಮೇರುಕೃತಿಯಲ್ಲ, ಹೆಸರೇ ಗೊತ್ತಿಲ್ಲದ ಒಬ್ಬನ ಪ್ಯಾಂಟು. ಪಕ್ಕದ ಸೀಟಿನವ ತನ್ನ ಪಾಡು ಹೇಳಿಕೊಂಡ ಹಾಗಿತ್ತು, ಕೇಳಿದರು. ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಮಾಸ್ತರರು ಅದನ್ನು ಒಪ್ಪಲಿಲ್ಲ. ಆದರೂ ಈ ಸಲ ಎ.ಎನ್. ಮೂರ್ತಿರಾಯರ 'ಹಗಲುಗನಸುಗಳು' ತಂದರು. 1900ರಲ್ಲಿ ಹುಟ್ಟಿ ನೂರು ದಾಟಿ ಬಾಳಿದ ಮೂರ್ತಿರಾಯರು ಆರಾಮಕುರ್ಚಿಯ ಮಾತಿನಂಥ ಪ್ರಬಂಧಗಳಿಂದ ಕನ್ನಡಿಗರಿಗೆ ಆಪ್ತರಾದವರು. ನಾಲ್ಕನೇ ದಿನ ಠಾಣೆಯಲ್ಲಿ ಹತ್ತಿದ ಗುಂಪು ಮೂರು ಜನರ ಬೆಂಚಿಗೆ ನಾಲ್ಕನೆಯವನನ್ನು ತುರುಕಿದರೂ, ಶೆಟ್ರು ಅರ್ಧ ಕುಂಡೆಯಲ್ಲಿ ಕೂತು ತಲೆ ಎತ್ತದೆ ಓದುತ್ತಿದ್ದರು.

"ಹೆಂಗದ?"

"ಇದ್ರಲ್ಲಿ ಎಂತದೂ ಆಗೂದಿಲ್ಲ ಮಾಸ್ಟ್ರೆ! ಕೊಲೆ ಇಲ್ಲ, ಮದುವೆ ಇಲ್ಲ. ಸುಮ್ಮನೆ ಮಾತಾಡ್ತಾರೆ. ಆದ್ರೆ ಮುಲುಂಡ್ ಯಾವಾಗ ಹೋಯ್ತೂಂತ ಗೊತ್ತಾಗ್ಲಿಲ್ಲ."

ಅಂದು ಶೆಟ್ರ ಮೊಮ್ಮಗಳೂ ಹೆಂಗಸರ ಡಬ್ಬಿ ಬಿಟ್ಟು ಇವರ ಜೊತೆಗಿದ್ದಳು. ಮಾಟುಂಗದ ರುಯಿಯಾ ಕಾಲೇಜಿನ ಹುಡುಗಿ. ಮೊಬೈಲಿನಿಂದ ಕಣ್ಣು ತೆಗೆಯದೆ, "ಅಜ್ಜ, ಅದು ಬ್ಲಾಗ್" ಅಂದಳು.

"ಎಂತ ಬ್ಲಾಗು? ಇದು ಪುಸ್ತಕ."

"ಅದೇ. ಒಬ್ಬರು ಅವರದೇ ವಿಷಯ ಬರೀತಾರೆ. ಅಜ್ಜಿ ಮನೆ, ಬಸ್ ತಪ್ಪಿದ್ದು, ಬೆಕ್ಕು ಮರಿ ಹಾಕಿದ್ದು. ನಾನು ದಿನಾ ಓದ್ತೇನೆ. ಬರೆದವರು ಯಾರೂಂತ ಗೊತ್ತಿಲ್ಲ, ಆದ್ರೆ ಅವರ ಮನೆ ಬೆಕ್ಕಿನ ಹೆಸರು ಗೊತ್ತು."

ಮಾಸ್ತರರು ತಿಳಿದವರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದು ಗಣಕದಲ್ಲಿ ಕನ್ನಡ ಕುಟ್ಟುವುದು ಸುಲಭವಾಯಿತು. ಯೂನಿಕೋಡ್ ಬಂದ ಮೇಲೆ ದೂರದೇಶದಲ್ಲಿ ಕೂತ ಸಾಫ್ಟ್‌ವೇರ್ ಹುಡುಗರೂ ಊರಿನ ಹಲಸಿನ ಮರ ನೆನೆದು ಬರೆಯತೊಡಗಿದರು ಎಂದು ವಿವರಿಸಿದರು. ಶೆಟ್ರಿಗೆ ಒಂದು ವ್ಯವಹಾರದ ಸಂಶಯ ಬಂತು.

"ಅದಕ್ಕೆ ಸಂಪಾದಕ ಇಲ್ವ?"

"ಇಲ್ರಿ."

"ಹಾಗಾದ್ರೆ ಸರಿ ಇಲ್ಲದ್ದನ್ನ ವಾಪಸ್ ಕಳಿಸೂದು ಯಾರು?"

"ಯಾರೂ ಕಳಸೂದಿಲ್ಲ! ಅದs ಅದರ ಸೊಗಸು!" ಮಾಸ್ತರರ ದನಿ ಏರಿತು. ಪಕ್ಕದವ ಭಜನೆ ಶುರುವಾಯಿತೇನೋ ಎಂದು ಕಣ್ಣು ಬಿಟ್ಟ. "ಸಂಪಾದಕರು ಅನ್ನೂದು ಒಂದು ಪೀಡಾ ರೀ ಶೆಟ್ಟರ. ನಾ ಕಳಸಿದ ಪ್ರಬಂಧ ಎಷ್ಟು ತಿರುಗಿ ಬಂದಾವ ಅಂದ್ರ, ಪೋಸ್ಟ್‌ಮನ್ನಗ ನನ್ನ ಶೈಲಿ ಬಾಯಿಪಾಠ ಆಗಿತ್ತು. ಮನುಷ್ಯಾ ತನ್ನ ಮನಸ್ಸಿನಾಗಿದ್ದದ್ದು ಬರದ್ರ ಅದು ಹಂಗs ಹೊರಗ ಬರಬೇಕು. ನಡುವ ಯಾರೂ ಕತ್ತರಿ ಹಿಡೀಬಾರದು!"

ಘಾಟ್ಕೋಪರ್‌ನಲ್ಲಿ ಜಾಗ ಖಾಲಿಯಾಯಿತು. ಮಾಸ್ತರರು ತಣ್ಣಗಾಗಿ ಮುಂಬೈಯ ಕನ್ನಡ ಬರಹಗಾರರ ಮಾತಿಗೆ ಇಳಿದರು. ಚಿತ್ತಾಲರು ಹನೇಹಳ್ಳಿಯವರು, ಬೇಕಲೈಟ್ ಹೈಲಂ ಕಂಪನಿಯಲ್ಲಿ ಕೆಲಸದಲ್ಲಿದ್ದು ಬಾಂದ್ರಾದ ಕಡಲೆದುರು ಕೂತು ಬರೆದವರು. ಗೋಕರ್ಣದ ಜಯಂತ ಕಾಯ್ಕಿಣಿ ಔಷಧ ಕಂಪನಿಯ ನೌಕರಿ ಮಾಡುತ್ತಲೇ ಇಲ್ಲಿನ ಗಲ್ಲಿಗಳನ್ನು ಕತೆಗೆ ತಂದರು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ಅವರ ಮುಂಬೈ ಕತೆಗಳಿಗೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು.

"ನಿಲ್ಲಿ ನಿಲ್ಲಿ. ಚಿತ್ತಾಲರು ಆಫೀಸಿಗೆ ಹೋಗ್ತಿದ್ರ?"

"ಹೋಗ್ತಿದ್ರು, ದಿನಾ."

"ಹಾಗಾದ್ರೆ ನಾಗಪ್ಪನ ಯೋಚನೆ ಎಲ್ಲಿಂದ ಬಂತೂಂತ ಈಗ ಗೊತ್ತಾಯ್ತು. ಆ ಪುಸ್ತಕ ಇನ್ನೊಮ್ಮೆ ಕೊಡಿ."

ಕೊಡುವ ಮಾತಿಗೆ ಮಾಸ್ತರರಿಗೆ ಇನ್ನೊಂದು ನೆನಪಾಯಿತು. ಡೊಂಬಿವಲಿಯಲ್ಲಿ 1986ರಿಂದ ಇರುವ ಪೈ ಫ್ರೆಂಡ್ಸ್ ಲೈಬ್ರರಿಯವರು ಪುಸ್ತಕ ವಿನಿಮಯದ ಮೇಳ ನಡೆಸುತ್ತಾರೆ. ಓದಿ ಮುಗಿಸಿದ್ದನ್ನು ಕೊಟ್ಟು ಬೇರೆಯದನ್ನು ಒಯ್ಯಬಹುದು. "ಹೇಳಿದ್ನಲ್ಲ ನಿಮಗ, ಮನ್ಯಾಗಿನ ಹಳೇ ಪುಸ್ತಕ ತೆಗದಿಡ್ರಿ ಅಂತ?"

"ತಂದಿದ್ದೇನೆ." ಶೆಟ್ರು ಚೀಲದಿಂದ ಕೆಂಪು ಬಟ್ಟೆಯ ರಟ್ಟಿನ ದಪ್ಪ ಪುಸ್ತಕ ಎತ್ತಿದರು. "ದೊಡ್ಡದುಂಟು. ಇದಕ್ಕೆ ಎರಡು ಪುಸ್ತಕ ಕೊಡ್ಬಹುದು."

ಮಾಸ್ತರರು ತೆರೆದು ನೋಡಿದರು. "ಶೆಟ್ಟರ, ಇದು ಉದ್ರಿ ಖಾತೆ!"

"ಪುಸ್ತಕ ಅಲ್ವ ಮತ್ತೆ?"

ಮೊಮ್ಮಗಳು ಕಸಿದುಕೊಂಡು ಓದತೊಡಗಿದಳು. "'ಬ್ಯಾಂಕಿನ ಜೋಶಿ. ಚಾ 2, ಉಪ್ಪಿಟ್ಟು 1. ಹೆಂಡತಿ ಊರಿಗೆ ಹೋಗಿದ್ದಾರೆ, ಮುಖದಲ್ಲಿ ಸಂತೋಷ.' ಅಜ್ಜ! ಇದೆಲ್ಲ ನೀವು ಬರ್ದದ್ದಾ?"

"ಹೆಸರು ಮಾತ್ರ ಬರ್ದ್ರೆ ಯಾವ ಜೋಶಿಯಾಂತ ನೆನಪಿರ್ಬೇಕಲ್ಲ ಮಾರಾಯ್ತಿ."

"'ನೀಲಿ ಅಂಗಿ. ಇಡ್ಲಿ 3. ಪರ್ಸ್ ಮರೆತೆ ಅಂದ. ಅಂಗಿ ಹೊಸತು, ಸುಳ್ಳು ಹಳತು.'" ಅವಳು ಪುಟ ಮಗುಚಿದಳು. "'2005 ಜುಲೈ 26. ಮಳೆ. ಗಾಡಿ ಬಂದ್. ಒಳಗೆ ಕಾಲಿಡಲು ಜಾಗ ಇಲ್ಲ. ಇವತ್ತು ಚಾ ಲೆಕ್ಕ ಇಡಲಿಲ್ಲ.'"

ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಆ ಮಂಗಳವಾರ ಮೂವರಲ್ಲಿ ಇಬ್ಬರಿಗೆ ನೆನಪಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕುರ್ಲಾ ಹೋಯಿತು.

"ಅಜ್ಜ, ಇದನ್ನ ನಾನು ಹಾಕ್ತೇನೆ. ದಿನಕ್ಕೆ ಒಂದು ಪುಟ. ನೋಡಿ, ಜನ ಬಿದ್ದು ಓದ್ತಾರೆ."

"ಹಾಕವಾ, ಹಾಕು!" ಮಾಸ್ತರರಿಗೆ ಕಣ್ಣಲ್ಲಿ ನೀರು. "ಒಂದಕ್ಷರ ಬದಲ ಮಾಡಬ್ಯಾಡ. ಇದು ಖರೇ ಬರವಣಿಗಿ."

"ಹಾಗಾದ್ರೆ ಈ ಪುಟದಿಂದಲೇ ಶುರು. 'ಕುಲಕರ್ಣಿ ಮಾಸ್ಟ್ರು. ಮಸಾಲೆ ದೋಸೆ 2, ಕಾಫಿ 3. ಯಾವುದೋ ಪುಸ್ತಕದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ದುಡ್ಡಿನ ಬಗ್ಗೆ ಮಾತಾಡಲಿಲ್ಲ.'"

ಸಯನ್ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಮಾಸ್ತರರು ಕನ್ನಡಕ ಒರೆಸಿಕೊಂಡರು.

"ಶೆಟ್ಟರ, ವಿಚಾರ ಮಾಡಿದ್ರ... ಎಂಥಾ ಬರವಣಿಗಿಗೂ ಒಬ್ಬ ಸಂಪಾದಕ ಇರಬೇಕು ನೋಡ್ರಿ."

"ಇರ್ಲಿ ಇರ್ಲಿ, ನೀವೇ ಆಗಿ," ಅಂದರು ಶೆಟ್ರು, ಮಾಟುಂಗಕ್ಕೆ ಇಳಿಯಲು ಏಳುತ್ತಾ. "ಸಂಬಳದಲ್ಲಿ ದೋಸೆ ಮುರ್ಕೊಳ್ತೇನೆ."